ಮುದ್ದನ ಬಿಸ್ಕತ್ತು

ನನ್ನ ತಂಗಿಯ ಮೊಮ್ಮಗಳು ಸಿದ್ಧಾರ್ಥನಗರದ ತನ್ನ ಮನೆಯಲ್ಲಿ ಒಂದು ನಾಯಿ ಸಾಕಿದ್ದಾಳೆ. ಹೋದ ವಾರ ಅಲ್ಲಿಗೆ ಹೋಗಿದ್ದೆ. ಹಜಾರದ ಮೂಲೆಯಲ್ಲಿ ಮಿರಮಿರ ಮಿಂಚುವ ದೊಡ್ಡ ಚೀಲವೊಂದು ಗೋಡೆಗೆ ಒರಗಿ ನಿಂತಿತ್ತು. ಅದರ ಮೇಲೆ ನಾಲಿಗೆ ಚಾಚಿಕೊಂಡ ನಾಯಿಯ ಚಿತ್ರ. ಬೇರೆ ಅಜ್ಜಿಯರಾಗಿದ್ದರೆ ಸುಮ್ಮನೆ ಸೋಫಾದ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ನಾನು ಕನ್ನಡಕ ಏರಿಸಿ ಚೀಲದ ಬೆನ್ನ ಮೇಲೆ ಇರುವೆ ಸಾಲಿನಂತೆ ಅಚ್ಚಾಗಿದ್ದದ್ದನ್ನೆಲ್ಲ ಓದಿದೆ. ಬಾಯಿ ಬಿಚ್ಚಿ ಮೂಸಿದೆ. ಎರಡು ಕಾಳು ತೆಗೆದು ಬೆರಳಲ್ಲಿ ಮುರಿಯಲು ನೋಡಿದೆ. ಆಮೇಲೆ ಒಂದು ಲೋಟ ನೀರು ಕೇಳಿ, ಕಾಳುಗಳನ್ನು ಅದರಲ್ಲಿ ಹಾಕಿ ಕಾಯುತ್ತ ಕೂತೆ. ಹುಡುಗಿ ನಕ್ಕುಬಿಟ್ಟಳು. ಅದು ನಾಯಿ ಊಟ ಅಜ್ಜಿ, ನಿಮಗೆ ಚಕ್ಕುಲಿ ತೆಗೆದಿಟ್ಟಿದ್ದೇನೆ ಎಂದಳು.

ನಗಲಿ. ನೀವೂ ನಗಬಹುದು. ನಾಯಿಯ ತಿಂಡಿ ಕಂಡಲ್ಲೆಲ್ಲ ಮೂಸಿ ನೋಡುವ ಈ ಅಭ್ಯಾಸಕ್ಕೆ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕಿದ್ದಾರೆ. ಅಂಗಡಿಗಳಲ್ಲಿ ನನ್ನ ಜೊತೆ ಬಂದವರು ನನ್ನನ್ನು ಗೊತ್ತಿಲ್ಲದವರಂತೆ ಎರಡು ಹೆಜ್ಜೆ ಆಚೆ ನಿಲ್ಲುವುದೂ ಉಂಟು. ಆದರೆ ನಗಿಸುವುದಕ್ಕೆಂದು ನಾನು ಹೀಗೆ ಮಾಡುವುದಲ್ಲ. ಭಯದಿಂದ ಮಾಡುತ್ತೇನೆ. ಆ ಭಯ ಎಲ್ಲಿಂದ ಬಂತೆಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಹಳ್ಳಿ ನಂಜನಗೂಡಿನ ಆಚೆ. ಅಪ್ಪ ಅಲ್ಲಿನ ಸಣ್ಣ ಮಠವೊಂದರ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಸ್ವಾತಂತ್ರ್ಯ ಬಂದ ವರ್ಷ ನನಗೆ ಏಳು ತುಂಬಿತ್ತು. ಪಕ್ಕದ ಮನೆಯ ಬಸಣ್ಣ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆರೆಯ ತನಕ ಹೋಗಿ ಬರುತ್ತಿದ್ದ. ಒಂದು ಬೆಳಿಗ್ಗೆ ಕೆರೆಯ ಏರಿಯ ಮೇಲೆ ಎದುರಿನಿಂದ ಒಂದು ಕಂದು ನಾಯಿ ಓಡಿಬಂತು. ಬೊಗಳಲಿಲ್ಲ. ಬಂದದ್ದೇ ಬಸಣ್ಣನ ಮೀನಖಂಡಕ್ಕೆ ಬಾಯಿ ಹಾಕಿತು. ಅವನು ಎಡವಿದ ರಭಸಕ್ಕೆ ನಾನು ಕೆಳಗೆ ಬಿದ್ದೆ. ನನ್ನ ಹಿಮ್ಮಡಿಗೂ ಬಾಯಿ ಹಾಕಿ, ಅದೇ ಓಟದಲ್ಲಿ ಮುಂದೆ ಹೋಯಿತು.

ಬಸಣ್ಣ ಪಕ್ಕದೂರಿಗೆ ಹೋಗಿ ಮಂತ್ರ ಹಾಕಿಸಿಕೊಂಡು, ಬೇರು ಕಟ್ಟಿಸಿಕೊಂಡು ಬಂದ. ಅಪ್ಪನಿಗೆ ಯಾರು ಬುದ್ಧಿ ಹೇಳಿದರೋ ಗೊತ್ತಿಲ್ಲ, ನನ್ನನ್ನು ಎತ್ತಿಕೊಂಡು ಮೈಸೂರಿಗೆ ಬಂದರು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್, ದಿನಕ್ಕೊಂದು. ಹೀಗಾಗಿ ನನ್ನ ಪಾಲಿಗೆ ಮೈಸೂರು ಎಂದರೆ ಮೊದಲು ಅರಮನೆಯಲ್ಲ, ಸೂಜಿ. ಆ ನರ್ಸ್ ಬರುವ ಸಪ್ಪಳಕ್ಕೇ ನನ್ನ ಹೊಟ್ಟೆ ಕಲ್ಲಿನಂತೆ ಬಿಗಿದುಕೊಳ್ಳುತ್ತಿತ್ತು.

ನಾನು ಊರಿಗೆ ಮರಳಿದ ಮೇಲೆ ಒಂದು ತಿಂಗಳು ಕಳೆದಿರಬೇಕು. ಬಸಣ್ಣನ ಮನೆಯಿಂದ ಎಂಥದೋ ಸದ್ದು ಕೇಳಿಸಿತು. ನಮ್ಮಜ್ಜಿ ಕಿಟಕಿ ಮುಚ್ಚುವಷ್ಟರಲ್ಲಿ ನಾನು ನೋಡಿಬಿಟ್ಟಿದ್ದೆ. ಅವನ ಹೆಂಡತಿ ಲೋಟದಲ್ಲಿ ನೀರು ಹಿಡಿದಿದ್ದಳು. ಬಸಣ್ಣನಿಗೆ ಬಾಯಾರಿತ್ತು, ಕೈ ಚಾಚಿದ. ಲೋಟ ಹತ್ತಿರ ಬಂದದ್ದೇ ಅವನ ಕತ್ತಿನ ನರಗಳೆಲ್ಲ ಹಗ್ಗದಂತೆ ಸೆಟೆದು ಮುಖ ಹಿಂದಕ್ಕೆ ಹೋಯಿತು. ತನ್ನನ್ನು ಕಟ್ಟಿಹಾಕಿ ಎಂದು ಅವನೇ ಅಣ್ಣತಮ್ಮಂದಿರನ್ನು ಬೇಡಿಕೊಂಡನಂತೆ. ಕಿಟಕಿಯಲ್ಲಿ ನನ್ನನ್ನು ಕಂಡವನು, "ಗಿರಿಜವ್ವ, ದೂರ ಹೋಗವ್ವ" ಎಂದ. ಅದೇ ಅವನು ನನಗೆ ಹೇಳಿದ ಕೊನೆಯ ಮಾತು.

ಇಷ್ಟಾದ ಮೇಲೆ ನಾನು ನಾಯಿ ಕಂಡರೆ ಬೀದಿ ಬದಲಾಯಿಸುವವಳಾದೆ. ಮರಿ ಕಂಡರೂ ಅಷ್ಟೆ. ಗಂಡು ನೋಡಲು ಬಂದಾಗ ನಾನು ಕೇಳಲೇಬೇಕೆಂದಿದ್ದ ಒಂದೇ ಪ್ರಶ್ನೆ, ಅವರ ಮನೆಯಲ್ಲಿ ನಾಯಿ ಇದೆಯೇ ಎಂಬುದು. ಇಲ್ಲ ಎಂದರು. ಒಪ್ಪಿದೆ. ಪಕ್ಕದ ಮನೆಯಲ್ಲಿ ಇದೆಯೇ ಎಂದು ಕೇಳುವ ಬುದ್ಧಿ ನನಗೆ ಹೊಳೆಯಲಿಲ್ಲ.

ಹದಿನೆಂಟಕ್ಕೆ ಮದುವೆಯಾಗಿ ಮೈಸೂರಿನ ಒಂಟಿಕೊಪ್ಪಲಿಗೆ ಬಂದೆ. ನಮ್ಮವರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಡಿಮಾನ್‌ಸ್ಟ್ರೇಟರ್. ಹುಡುಗರಿಗೆ ಕಪ್ಪೆ ಕುಯ್ದು ತೋರಿಸುವ ಕೆಲಸ. ಮನೆಯಲ್ಲಿ ಅವರು, ನಾನು, ಅತ್ತೆ. ನಮ್ಮ ಮನೆಯ ಮಾಲೀಕರು ಪಕ್ಕದಲ್ಲೇ ಇದ್ದರು. ಅರಣ್ಯ ಇಲಾಖೆಯಲ್ಲಿ ರೇಂಜರ್ ಆಗಿ ನಿವೃತ್ತರಾದ ಪುಟ್ಟೇಗೌಡರು. ಆರಡಿ ಆಳು, ಪೊದೆ ಮೀಸೆ, ಹೆಂಡತಿ ತೀರಿಹೋಗಿ ಒಬ್ಬರೇ ಇದ್ದರು. ಎರಡೂ ಮನೆಗೆ ಒಂದೇ ಹಿತ್ತಲು. ಆ ಹಿತ್ತಲಿನ ಸೀಬೆ ಮರದ ಕೆಳಗೆ, ತಗಡಿನ ಮಾಡಿನಲ್ಲಿ, ಕರುವಿನಷ್ಟು ಎತ್ತರದ ಅಲ್ಸೇಷನ್ ನಾಯಿ. ಅದರ ಹೆಸರು ಮುದ್ದ. ಅಷ್ಟು ದೊಡ್ಡ ಹಲ್ಲುಗಳಿಗೆ ಅಂಥ ಹೆಸರು ಯಾರಿಟ್ಟರೋ ಎಂದು ನಾನು ಬೆರಗಾಗಿದ್ದೆ. ಬಟ್ಟೆ ಒಣಹಾಕಲು ಹೋಗುವಾಗ ಅದರ ಸರಪಳಿ ಎಲ್ಲಿಯವರೆಗೆ ಬರುತ್ತದೆ ಎಂದು ನೆಲದ ಮೇಲೆ ಕಣ್ಣಲ್ಲೇ ಗೆರೆ ಎಳೆದುಕೊಂಡು, ಆ ಗೆರೆಯಿಂದ ಎರಡು ಮಾರು ಈಚೆಗೇ ನಿಲ್ಲುತ್ತಿದ್ದೆ.

ಆ ವರ್ಷ ಮಳೆಗಾಲದ ಶುರುವಿನಲ್ಲಿ ಗೌಡರು ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದರು. ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ನಿಗೆ ಮದ್ರಾಸಿನ ಮಗಳ ಮನೆಗೆ ಹೋಗಬೇಕು, ಆರು ವಾರ ಆಗುತ್ತದೆ, ಮುದ್ದನನ್ನು ನೀವು ನೋಡಿಕೊಳ್ಳಬೇಕು ಎಂದರು. ಪ್ರಾಣಿಶಾಸ್ತ್ರದವರು ಪಕ್ಕದಲ್ಲೇ ಇರುವಾಗ ಬೇರೆಯವರನ್ನು ಯಾಕೆ ಹುಡುಕಲಿ ಎಂದೂ ಸೇರಿಸಿದರು. ಆ ಒಂದು ಮಾತಿಗೆ ನಮ್ಮವರು ಎದೆಯುಬ್ಬಿಸಿ ಅದಕ್ಕೇನಂತೆ ಎಂದುಬಿಟ್ಟರು. ಬಾಗಿಲ ಮರೆಯಲ್ಲಿದ್ದ ನನ್ನ ಕೈಯಿಂದ ಕಾಫಿ ಲೋಟ ಜಾರಿತು.

ಗೌಡರು ತಮ್ಮ ಮನೆಯಲ್ಲಿ ಅದಕ್ಕೆ ಬಿಸ್ಕತ್ತಿನ ಜೊತೆ ಮಾಂಸವನ್ನೂ ಹಾಕುತ್ತಿದ್ದರು. ನಮ್ಮ ಮನೆಯಲ್ಲಿ ಅದು ಆಗದ ಮಾತೆಂದು ಅವರಿಗೆ ಗೊತ್ತಿತ್ತು. ಬರೀ ಬಿಸ್ಕತ್ತೇ ಸಾಕು ಎಂದು ಒಂದು ದೊಡ್ಡ ಸೀಮೆ ಡಬ್ಬಿ ಕೊಟ್ಟುಹೋದರು. ಮುಗಿದರೆ ಸಯ್ಯಾಜಿರಾವ್ ರಸ್ತೆಯಲ್ಲಿ ಇಂಗ್ಲಿಷ್ ಸಾಮಾನು ಇಡುವ ಶೆಟ್ಟರ ಅಂಗಡಿಯಲ್ಲಿ ಸಿಗುತ್ತದೆ ಎಂದರು. ಅತ್ತೆ ಡಬ್ಬಿಯನ್ನು ದೂರದಿಂದಲೇ ನೋಡಿ ಇದರಲ್ಲಿ ಏನೇನು ಹಾಕಿದ್ದಾರೆ ಓದು ಎಂದರು. ನಮ್ಮವರು ಗೋಧಿ ಎಂದು ಓದಿದರು, ಓಟ್ಸ್ ಎಂದು ಓದಿದರು, ಮೂರನೆಯದಕ್ಕೆ ಬಂದಾಗ ಕೆಮ್ಮತೊಡಗಿದರು. ಅತ್ತೆಗೆ ಅಷ್ಟು ಸಾಕಾಯಿತು. ಡಬ್ಬಿ ಬಚ್ಚಲುಮನೆಯ ಸೌದೆ ಅಟ್ಟಕ್ಕೆ ಹೋಯಿತು.

ಮೊದಲ ದಿನ ನಮ್ಮವರು ತಟ್ಟೆ ಹಿಡಿದು ಹೋದರು. ಮುದ್ದ ಎದ್ದು ನಿಂತಿತು. ಇವರು ತಟ್ಟೆಯನ್ನು ಅಲ್ಲೇ ಬಿಟ್ಟು ವಾಪಸಾದರು. ಕಪ್ಪೆಗೂ ನಾಯಿಗೂ ಬಹಳ ವ್ಯತ್ಯಾಸ ಇದೆ ಎಂದು ಒಪ್ಪಿಕೊಂಡರು. ಅವರಿಗೆ ಬೆಳಿಗ್ಗೆ ಕಾಲೇಜು, ಅತ್ತೆಗೆ ಪೂಜೆ. ಉಳಿದವಳು ನಾನು. ಜೇಡರ ಬಲೆ ತೆಗೆಯುವ ಉದ್ದ ಕೋಲಿನ ತುದಿಯಿಂದ ತಟ್ಟೆಯನ್ನು ನೂಕುತ್ತಿದ್ದೆ. ಕೋಲು ಜಾರಿ ತಟ್ಟೆ ಓರೆಯಾದರೆ ಬಿಸ್ಕತ್ತುಗಳು ಮಣ್ಣಿಗೆ ಬೀಳುತ್ತಿದ್ದವು. ಮುದ್ದ ಕೋಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಬಿದ್ದದ್ದನ್ನು ಒಂದೊಂದಾಗಿ ಆರಿಸಿಕೊಂಡು ತಿನ್ನುತ್ತಿತ್ತು. ಅದು ಕಟುಂ ಎಂದು ಕಡಿದಾಗೆಲ್ಲ ನನ್ನ ಹಿಮ್ಮಡಿಯ ಹಳೆಯ ಕಲೆ ಜುಮ್ಮೆನ್ನುತ್ತಿತ್ತು.

ಎರಡು ವಾರ ಕಳೆಯುವಷ್ಟರಲ್ಲಿ ಕೋಲು ಬಿಟ್ಟೆ. ಬಗ್ಗಿ ತಟ್ಟೆ ಇಟ್ಟು ಬರುವಷ್ಟಾದೆ. ಒಮ್ಮೆ ತಟ್ಟೆ ಇಡುವಾಗ ಅದು ನನ್ನ ಬೆರಳು ನೆಕ್ಕಿತು. ಅಂದು ಬೆಳಿಗ್ಗೆಯೇ ಬದನೆಕಾಯಿ ಹೆಚ್ಚುವಾಗ ಈಳಿಗೆಮಣೆ ತಾಗಿ ಆ ಬೆರಳು ಕುಯ್ದಿತ್ತು. ಒಳಗೆ ಬಂದು ಸೋಪು ಹಾಕಿ ಅರ್ಧ ಗಂಟೆ ತೊಳೆದೆ. ಯಾರಿಗೂ ಹೇಳಲಿಲ್ಲ.

ಡಬ್ಬಿ ಖಾಲಿಯಾಗಿತ್ತು. ಅಂದೇ ಸಂಜೆ ನಮ್ಮವರೂ ನಾನೂ ಶೆಟ್ಟರ ಅಂಗಡಿಗೆ ಹೋದೆವು. ಪರದೇಶದ ಸಾಮಾನು ಬರುವುದೇ ನಿಂತುಹೋಗುತ್ತಿದ್ದ ಕಾಲ. ಶೆಟ್ಟರು ಮೂರು ಬಗೆ ತೋರಿಸಿದರು. ಒಂದು, ಹಳೆಯ ಸೀಮೆ ಡಬ್ಬಿಯೇ, ಅಂಗಡಿಯಲ್ಲಿ ಉಳಿದಿದ್ದ ಕೊನೆಯದು. ಮುಚ್ಚಳದ ಸುತ್ತ ತುಕ್ಕು. ಎರಡನೆಯದು ಮುಂಬಯಿಯಲ್ಲಿ ಹೊಸದಾಗಿ ತಯಾರಾಗುತ್ತಿದ್ದ ಪೊಟ್ಟಣ. ಮಂಕು ಬಣ್ಣದ ಕಾಗದ, ನೋಡಲು ಏನೇನೂ ಚೆನ್ನಾಗಿಲ್ಲ. ಮೂರನೆಯದು ಗೋಣಿಚೀಲದಲ್ಲಿದ್ದ ಬಿಡಿ ಬಿಸ್ಕತ್ತು. ಯಾವ ಬೇಕರಿಯದೋ ಅದರ ಮೇಲೆ ಬರೆದಿರಲಿಲ್ಲ. ಒಂದೊಂದೂ ಅಂಗೈ ಅಗಲ, ಬೆರಳು ದಪ್ಪ, ಕೆಂಪಗೆ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ದೊಡ್ಡ ನಾಯಿಗೆ ದೊಡ್ಡ ಬಿಸ್ಕತ್ತು ಎಂದು ನಾನು ಲೆಕ್ಕ ಹಾಕಿದೆ. ಸೀರೆ ಆರಿಸುವ ಹಾಗೆ ಬಣ್ಣ ನೋಡಿ ಆರಿಸಿದೆ ಎಂದರೂ ಸರಿಯೇ. ಮುರಿದು ನೋಡಲಿಲ್ಲ, ಮೂಸಲಿಲ್ಲ. ನಾಯಿ ತಿನ್ನುವುದನ್ನು ಮೂಗಿನ ಹತ್ತಿರ ತರಲು ಮಡಿಯ ಮನೆಯ ಸೊಸೆಗೆ ಅಸಹ್ಯ.

ನಾಲ್ಕನೆಯ ದಿನ ಮಧ್ಯಾಹ್ನ ಹಿತ್ತಲಿಗೆ ಹೋದರೆ ಬೆಳಗಿನ ಬಿಸ್ಕತ್ತು ತಟ್ಟೆಯಲ್ಲಿ ಹಾಗೇ ಇತ್ತು. ಮುದ್ದ ತಲೆ ತಗ್ಗಿಸಿ ನಿಂತಿತ್ತು. ಬಾಯಿ ಅರ್ಧ ತೆರೆದಿತ್ತು. ತುಟಿಯ ಎರಡೂ ಕಡೆಯಿಂದ ಜೊಲ್ಲು ಎಳೆ ಎಳೆಯಾಗಿ ನೆಲದವರೆಗೆ ಇಳಿಯುತ್ತಿತ್ತು. ನನ್ನನ್ನು ಕಂಡು ಬೊಗಳಲು ಹೋಯಿತು; ಒಡೆದ ಕೊಳವೆಯ ಹಾಗೆ ಒಂದು ಸದ್ದು ಬಂತು. ಆಮೇಲೆ ನೀರಿನ ಬೋಗುಣಿಯ ಹತ್ತಿರ ಹೋಗಿ ಮೂತಿ ತಗ್ಗಿಸಿತು. ನೀರು ತಾಗಿದ್ದೇ ಕತ್ತು ಸೆಟೆದು, ಮುಖವನ್ನು ಹಿಂದಕ್ಕೆ ಎಳೆದುಕೊಂಡಿತು.

ಆ ಕತ್ತನ್ನು ನಾನು ನೋಡಿದ್ದೆ. ಹನ್ನೊಂದು ವರ್ಷದ ಹಿಂದೆ, ಕಿಟಕಿಯಲ್ಲಿ.

ಒಳಗೆ ಬಂದು ಬಾಗಿಲ ಚಿಲಕ ಹಾಕಿ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತೆ. ಬೆರಳಿನ ಗಾಯ ಒಣಗಿ ಸಣ್ಣ ಗೆರೆಯಾಗಿತ್ತು. ಅದನ್ನೇ ನೋಡುತ್ತ, ಉಗುಳು ನುಂಗಲು ಆಗುತ್ತದೆಯೇ ಎಂದು ಪರೀಕ್ಷಿಸಿಕೊಂಡೆ. ಗಂಟಲು ಒಣಗಿದ್ದರಿಂದ ನುಂಗಲು ಆಗಲಿಲ್ಲ. ನನಗೂ ಶುರುವಾಯಿತು ಎಂದುಕೊಂಡೆ. ಈಗ ನಗು ಬರುತ್ತದೆ. ಆವತ್ತು ಅತ್ತೆ ಬಂದು ಏನಾಯಿತೆಂದು ಕೇಳುವವರೆಗೂ ನಾನು ಅಲ್ಲೇ ಕೂತಿದ್ದೆ.

ಸುದ್ದಿ ಸಂಜೆಯೊಳಗೆ ಬೀದಿಯೆಲ್ಲ ಹರಡಿತು. ಮಕ್ಕಳು ಆಡುವುದು ನಿಂತಿತು. ಮನೆಗಳ ಬಾಗಿಲು ಮುಚ್ಚಿದವು. ಎದುರುಮನೆಯಲ್ಲಿ ರಂಗಯ್ಯನವರೆಂಬ ನಿವೃತ್ತ ಅಮಲ್ದಾರರಿದ್ದರು. ಅವರ ಹತ್ತಿರ ಲೈಸೆನ್ಸ್ ಇದ್ದ ಕೋವಿ ಇತ್ತು. ಕೆಟ್ಟ ಮನುಷ್ಯರಲ್ಲ. ಅವರ ಮನೆಯಲ್ಲೇ ಐದು ಮೊಮ್ಮಕ್ಕಳು. ಅವರು ಬಂದು ಜಗಲಿಯ ಮೇಲೆ ಕೂತು ನಮ್ಮವರಿಗೆ ಮೆಲ್ಲಗೆ ಹೇಳಿದರು: "ಮೇಷ್ಟ್ರೇ, ಸರಪಳಿ ಕಿತ್ತುಕೊಂಡ್ರೆ ಯಾರು ಜವಾಬ್ದಾರಿ? ನಾಳೆ ಮಧ್ಯಾಹ್ನದವರೆಗೆ ನೋಡೋಣ. ಆಮೇಲೆ ನಾನೇ ಆ ಪಾಪ ಮಾಡ್ತೀನಿ, ನೀವು ಒಳಗಿರಿ."

ನಮ್ಮವರು ಕೂಡಲೇ ಎದ್ದರು. ಸೈಕಲ್ ಹತ್ತಿ ದನದ ಆಸ್ಪತ್ರೆಗೆ ಹೋದರು. ಡಾಕ್ಟರು ಕ್ಯಾಂಪಿನಲ್ಲಿದ್ದರಂತೆ. ಜಬ್ಬಾರ್ ಸಾಬರೆಂಬ ಹಳೆಯ ಕಾಂಪೌಂಡರು, ಬೆಳಿಗ್ಗೆ ನಾನು ಬಂದು ನೋಡುತ್ತೇನೆ, ಅಲ್ಲಿಯವರೆಗೆ ಯಾರೂ ಹತ್ತಿರ ಹೋಗಬೇಡಿ ಎಂದರಂತೆ. ಬೆಳಗಾಗುವುದನ್ನು ನಾನು ಹೇಗೆ ಕಾದೆನೋ ಹೇಳಲಾರೆ.

ಜಬ್ಬಾರ್ ಸಾಬರು ತೆಳ್ಳನೆಯ ಮುದುಕರು. ಸೈಕಲ್ಲಿನ ಹಿಂದೆ ಒಂದು ಟ್ರಂಕು ಕಟ್ಟಿಕೊಂಡು ಬಂದರು. ದೂರದಲ್ಲೇ ಕುಕ್ಕುರುಗಾಲಲ್ಲಿ ಕೂತು ಮುದ್ದನನ್ನು ಬಹಳ ಹೊತ್ತು ನೋಡಿದರು. ಅದು ಮುಂಗಾಲಿನಿಂದ ದವಡೆಯನ್ನು ಕೆರೆದುಕೊಳ್ಳುತ್ತಿತ್ತು. ಏನು ತಿಂದಿದೆ ಎಂದು ಕೇಳಿದರು. ನಾನು ಆ ಕೆಂಪು ಬಿಸ್ಕತ್ತು ತಂದುಕೊಟ್ಟೆ. ಕೈಯಲ್ಲಿ ಮುರಿಯಲು ನೋಡಿದರು, ಮುರಿಯಲಿಲ್ಲ. ಒಗೆಯುವ ಕಲ್ಲಿನ ಮೇಲಿಟ್ಟು ಗುಂಡುಕಲ್ಲಿನಿಂದ ಜಜ್ಜಿದರು. ಒಳಗಿನಿಂದ ಬೆರಳುದ್ದದ ಚೂಪು ಎಲುಬಿನ ಸಿಬಿರು ಹೊರಬಿತ್ತು. ಪುಡಿಯನ್ನು ಮೂಸಿ ಮುಖ ಸಿಂಡರಿಸಿ, ನನ್ನ ಮೂಗಿನ ಹತ್ತಿರವೂ ಹಿಡಿದರು. ವಾರಗಟ್ಟಲೆ ಹಣತೆಯಲ್ಲೇ ಉಳಿದ ದೀಪದೆಣ್ಣೆಯ ಕಮಟು ವಾಸನೆ.

"ಅಮ್ಮಾ, ಎರಡರಲ್ಲಿ ಒಂದು ಇರ್ಬೇಕು" ಎಂದರು. "ಇಂಥ ಎಲುಬು ಬಾಯಲ್ಲಿ ಸಿಕ್ಕೊಂಡಿರ್ಬೇಕು. ಇಲ್ಲಾ ಹುಚ್ಚು ಹಿಡಿದಿರ್ಬೇಕು. ಹೊರಗಿಂದ ಎರಡೂ ಒಂದೇ ತರ ಕಾಣ್ತದೆ. ಬಾಯಿ ತೆಗ್ದು ನೋಡ್ದೆ ಹೇಳಕ್ಕಾಗಲ್ಲ."

ಬಾಯಿ ತೆಗೆಸಿ ನೋಡುವವರು ಯಾರು? ಅವರೇ ಎದ್ದು ಎರಡು ಹೆಜ್ಜೆ ಮುಂದೆ ಹೋದರು. ಮುದ್ದ ಹಲ್ಲು ಕಿರಿದು ಗುರ್ರೆಂದಿತು. ಹಿಂದಕ್ಕೆ ಬಂದರು. ತಾನು ಇಕ್ಕಳ ಹಾಕುವಾಗ ಇನ್ನೊಬ್ಬರು ದವಡೆ ಹಿಡಿಯಬೇಕು, ಅದಕ್ಕೆ ಪರಿಚಯದವರೇ ಆಗಬೇಕು ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ಕಾಂಪೌಂಡಿನ ಆಚೆ ರಂಗಯ್ಯನವರು ಕೋವಿ ಹಿಡಿದು ಆಗಲೇ ಬಂದು ನಿಂತಿದ್ದರು.

ಧೈರ್ಯ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಬರಲಿಲ್ಲ. ಓಡಿಹೋಗಬೇಕು ಅನ್ನಿಸಿತು. ಆದರೆ ಆ ಬಿಸ್ಕತ್ತನ್ನು ಆರಿಸಿದವಳು ನಾನು. ನನ್ನ ಕೈಯಾರೆ ದಿನಕ್ಕೆ ಎರಡು ಹೊತ್ತು ಹಾಕಿದವಳೂ ನಾನು. ಅದು ಮಣ್ಣಿಗೆ ಬಿದ್ದದ್ದನ್ನೂ ಬೇಸರವಿಲ್ಲದೆ ಆರಿಸಿಕೊಂಡು ತಿಂದಿತ್ತು.

"ಮುದ್ದ" ಎಂದೆ. ಅದರ ಬಾಲ ನೆಲಕ್ಕೆ ಒಂದು ಸಲ ಬಡಿಯಿತು.

ಗುರುತು ಹಿಡಿಯಿತು ನೋಡು ಎಂದು ನಮ್ಮವರು ಹಿಂದಿನಿಂದ ಸಮಾಧಾನ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ಬಸಣ್ಣನೂ ಕೊನೆಯವರೆಗೆ ನನ್ನ ಗುರುತು ಹಿಡಿದಿದ್ದ.

ಸಾಬರ ಬಳಿ ಇದ್ದದ್ದು ಒಂದೇ ಜೊತೆ ತೊಗಲಿನ ಕೈಗವಸು. ಅದನ್ನು ಅವರು ನನಗೆ ಕೊಟ್ಟುಬಿಟ್ಟರು. ನಿಮಗೆ ಬೇಡವೇ ಎಂದು ಕೇಳಿದರೆ, ತನಗೆ ಇಕ್ಕಳ ಇದೆ ಎಂದರು. ನಮ್ಮವರು ಸರಪಳಿಯ ತುದಿಯನ್ನು ಬಿಚ್ಚಿ ಬಚ್ಚಲುಮನೆಯ ಕಿಟಕಿಯ ಸರಳುಗಳ ನಡುವೆ ಒಳಕ್ಕೆ ತೂರಿಸಿಕೊಂಡು, ಒಳಗಿನಿಂದ ಬಿಗಿ ಹಿಡಿದರು. ಗೋಡೆಯ ಆಚೆ ಇದ್ದರೂ ಅವರ ಉಸಿರು ನನಗೆ ಕೇಳಿಸುತ್ತಿತ್ತು. ಅತ್ತೆ ಮಡಿಯುಟ್ಟಿದ್ದರೂ ಹಿತ್ತಲ ಬಾಗಿಲಿಗೆ ಬಂದು, ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ನಿಂತರು.

ನಾನು ಮಂಡಿಯೂರಿ ಕೂತೆ. ಕೈಗವಸು ನನಗೆ ದೊಡ್ಡದು, ಮಣಿಕಟ್ಟಿನಿಂದ ಜಾರುತ್ತಿತ್ತು. ಎಡಗೈಯನ್ನು ಮೇಲ್ದವಡೆಗೆ, ಬಲಗೈಯನ್ನು ಕೆಳದವಡೆಗೆ ಹಾಕಿ, ಸಾಬರು ಹೇಳಿದಂತೆ ಮೆಲ್ಲಗೆ ಅಗಲಿಸಿದೆ. ಬಿಸಿ ಉಸಿರು, ಕೊಳೆತ ವಾಸನೆ ಮುಖಕ್ಕೆ ರಾಚಿತು. ಅದರ ಮೈಯೆಲ್ಲ ನಡುಗುತ್ತಿತ್ತು. ಸಾಬರು ಒಳಗೆ ಬಗ್ಗಿ ನೋಡಿ, "ಇದೆ, ಇದೆ, ಬಿಡಬೇಡಿ" ಎಂದರು. ಮೇಲ್ದವಡೆಯ ಒಂದು ಕಡೆಯ ಹಲ್ಲಿನಿಂದ ಇನ್ನೊಂದು ಕಡೆಯ ಹಲ್ಲಿಗೆ ಅಡ್ಡಲಾಗಿ, ಅಂಗುಳಕ್ಕೆ ಚುಚ್ಚಿಕೊಂಡು, ಎಲುಬಿನ ತುಂಡು ಕೂತಿತ್ತು. ಸುತ್ತ ಬಾತು ಕೀವಾಗಿತ್ತು. ಇಕ್ಕಳ ಎರಡು ಸಲ ಜಾರಿತು. ಮೂರನೆಯ ಸಲ ಲಟಕ್ ಎಂದು ಸದ್ದಾಗಿ ಎಲುಬು ಬಂತು. ಆ ನೋವಿಗೆ ಮುದ್ದ ಬಾಯಿ ಮುಚ್ಚಿತು. ಕೈಗವಸು ಜಾರಿದ್ದ ಜಾಗದಲ್ಲಿ, ಮಣಿಕಟ್ಟಿನ ಮೇಲೆ, ಒಂದು ಹಲ್ಲು ಗೀರಿ ರಕ್ತ ಬಂತು.

ನಾನು ಹಿಂದಕ್ಕೆ ಬಿದ್ದೆ. ಮುದ್ದ ನನ್ನ ಕಡೆ ತಿರುಗಲಿಲ್ಲ. ತೂರಾಡುತ್ತ ಬೋಗುಣಿಯ ಹತ್ತಿರ ಹೋಯಿತು. ಮೂತಿ ತಗ್ಗಿಸಿತು. ಲಪಲಪ ಎಂದು ಕುಡಿಯತೊಡಗಿತು. ಬೋಗುಣಿ ಖಾಲಿಯಾಗುವವರೆಗೂ ಕುಡಿಯಿತು. ಆ ಸದ್ದಿನಷ್ಟು ಇಂಪಾದದ್ದನ್ನು ನಾನು ಮತ್ತೆ ಕೇಳಿಲ್ಲ. ರಂಗಯ್ಯನವರು ಕೋವಿಯನ್ನು ಗೋಡೆಗೆ ಒರಗಿಸಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಕಥೆ ಅಲ್ಲಿಗೆ ಮುಗಿಯಬೇಕಾಗಿತ್ತು. ಸಾಬರು ನನ್ನ ಕೈ ತೊಳೆಸುತ್ತ ಇನ್ನೊಂದು ಮಾತು ಹೇಳಿದರು. "ಎಲುಬು ಸಿಕ್ತು ಅಂತ ಹುಚ್ಚಿಲ್ಲ ಅಂತ ನಾನು ಬರ್ಕೊಡಕ್ಕಾಗಲ್ಲಮ್ಮ. ಹತ್ತು ದಿನ ನೋಡಿ. ಹತ್ತು ದಿನ ತಿಂದು ಕುಡಿದು ಚೆನ್ನಾಗಿದ್ರೆ ನಿಮಗೆ ಏನೂ ಭಯ ಇಲ್ಲ. ನಡುವೆ ಏನಾದ್ರೂ ಕಂಡ್ರೆ ಆವತ್ತೇ ಆಸ್ಪತ್ರೆಗೆ ಹೋಗ್ಬುಡಿ."

ಹೀಗೆ ನನ್ನ ಜೀವ ಹತ್ತು ದಿನ ಒಂದು ನಾಯಿಯ ಹಸಿವೆಗೆ ಕಟ್ಟುಬಿತ್ತು. ಮೊದಲ ಎರಡು ದಿನ ತೆಳ್ಳನೆಯ ರಾಗಿ ಗಂಜಿ ಹಾಕಿದೆವು. ಮೂರನೆಯ ದಿನ ಒಳ್ಳೆಯ ಬಿಸ್ಕತ್ತು ತರಬಹುದೆಂದರು ಸಾಬರು. ಒಳ್ಳೆಯದು ಎಂದರೆ ಯಾವುದು ಎಂದು ನಾನು ಕೇಳಿದೆ. ಅವರು ನಮ್ಮ ಜಗಲಿಯ ಮೇಲೆ ಕೂತು, ಹೆಣ್ಣು ನೋಡಲು ಹೋಗುವವರಿಗೆ ಹೇಳುವಷ್ಟು ಮುತುವರ್ಜಿಯಿಂದ ಹೇಳಿದರು. ಹೊರಗಿನ ಹೊಳಪು ನೋಡಬೇಡಿ, ಒಳಗಡೆ ನೋಡಿ. ಮುರಿದರೆ ಟಪ್ ಅನ್ನಬೇಕು, ಒಳಗೆಲ್ಲ ಒಂದೇ ಬಣ್ಣ ಇರಬೇಕು. ಹುರಿದ ಹಿಟ್ಟಿನ ವಾಸನೆ ಬರಬೇಕು. ಹಳೇ ಎಣ್ಣೆ ವಾಸನೆ ಬಂದರೆ ಮುಟ್ಟಬೇಡಿ. ನೀರಲ್ಲಿ ನೆನೆಹಾಕಿದರೆ ಅವಲಕ್ಕಿಯ ಹಾಗೆ ಊದಿ ಮೆತ್ತಗಾಗಬೇಕು, ಕೆಸರಾಗಬಾರದು, ಕಲ್ಲಾಗಿಯೂ ಉಳಿಯಬಾರದು. ಏನೇನು ಹಾಕಿದೆ ಅಂತ ಮೇಲೆ ಬರೆಯಲು ನಾಚುವವನ ಮಾಲು ಬೇಡ. ಉಳಿದದ್ದನ್ನು ನಾಯಿಯ ಕೂದಲು ನೋಡಿ ತಿಳಿಯಿರಿ, ಅದು ಸುಳ್ಳು ಹೇಳುವುದಿಲ್ಲ ಎಂದರು.

ನಾನು ಶೆಟ್ಟರ ಅಂಗಡಿಗೆ ಒಬ್ಬಳೇ ಹೋದೆ. ಎಲುಬಿನ ತುಂಡನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಅವರ ಮುಂದೆ ಬಿಚ್ಚಿಟ್ಟೆ. ಅವರು ಅದನ್ನು ನೋಡಿದರು, ನನ್ನ ಕೈಯ ಪಟ್ಟಿ ನೋಡಿದರು, ಗೋಣಿಚೀಲದ ಬಾಯಿ ಕಟ್ಟಿ ಒಳಗೆ ಎಳೆದು ಹಾಕಿದರು. ತುಕ್ಕಿನ ಡಬ್ಬಿ ತೆರೆಸಿ ಮೂಸಿದೆ. ಕಮಟು. ಬೇಡವೆಂದೆ. ಮುಂಬಯಿಯ ಪೊಟ್ಟಣ ಬಿಚ್ಚಿಸಿ ಒಂದನ್ನು ಮುರಿದೆ. ಟಪ್. ಒಂದು ಲೋಟ ನೀರು ಕೇಳಿದೆ. ಶೆಟ್ಟರು ಕುಡಿಯಲಿಕ್ಕೆಂದು ತಂದುಕೊಟ್ಟರು. ನಾನು ಬಿಸ್ಕತ್ತು ಮುಳುಗಿಸಿ ಸ್ಟೂಲಿನ ಮೇಲೆ ಕೂತೆ. ಎರಡು ಮೂರು ಗಿರಾಕಿಗಳು ಬಂದು ಸೋಪು, ಪೌಡರು ತೆಗೆದುಕೊಂಡು ನನ್ನನ್ನೂ ಲೋಟವನ್ನೂ ನೋಡಿಕೊಂಡು ಹೋದರು. ಅಷ್ಟರಲ್ಲಿ ಕಾಗದದ ಮೇಲಿದ್ದ ಇಂಗ್ಲಿಷನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದೆ. ಗೋಧಿ, ಒಣಗಿಸಿದ ಮಾಂಸದ ಪುಡಿ, ಹಾಲಿನ ಪುಡಿ, ಮೀನೆಣ್ಣೆ. ಮಾಂಸ ಎಂದು ಓದುವಾಗ ನನಗೆ ಕೆಮ್ಮು ಬರಲಿಲ್ಲ. ಬಿಸ್ಕತ್ತು ಊದಿ ಮೆತ್ತಗಾಗಿತ್ತು.

ಅದನ್ನು ಮುದ್ದ ತಿಂದಿತು. ಆದರೆ ಭಯ ಹೋಗಲಿಲ್ಲ. ದಿನ ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆಯುವ ಮುಂಚೆ ಚಿಲಕದ ಮೇಲೆ ಕೈಯಿಟ್ಟು ನಿಂತುಬಿಡುತ್ತಿದ್ದೆ. ಅದು ಎದ್ದು ಬಂತೇ, ಬಾಯಿ ಮುಚ್ಚಿದೆಯೇ, ನೀರು ಕುಡಿಯಿತೇ ಎಂದು ನೋಡಿ, ಆಮೇಲೆ ನಾನೂ ಒಂದು ಲೋಟ ನೀರು ಕುಡಿದು ನೋಡಿಕೊಳ್ಳುತ್ತಿದ್ದೆ. ಆರನೆಯ ದಿನ ಅದು ಅರ್ಧ ಬಿಸ್ಕತ್ತು ಬಿಟ್ಟಿತು. ಅಂದು ನಾನೂ ಊಟ ಬಿಟ್ಟೆ. ಸಂಜೆ ನೋಡಿದರೆ ಆ ಅರ್ಧವನ್ನು ಮಣ್ಣಿನಲ್ಲಿ ಹೂತಿಟ್ಟು ಅದರ ಮೇಲೆ ಮಲಗಿತ್ತು. ರಂಗಯ್ಯನವರು ದಿನವೂ ಬೀದಿಯ ಆಚೆಯಿಂದಲೇ ನೀರು ಕುಡೀತೇನಮ್ಮ ಎಂದು ಕೇಳುವರು. ಕುಡೀತು ಎಂದರೆ ತಲೆಯಾಡಿಸಿ ಒಳಗೆ ಹೋಗುವರು.

ಹತ್ತನೆಯ ದಿನ ಬೆಳಿಗ್ಗೆ ಅತ್ತೆ ನನಗಿಂತ ಮುಂಚೆ ಎದ್ದು ಬಾಗಿಲು ತೆಗೆದಿದ್ದರು. ನಾನು ಹೋಗುವಷ್ಟರಲ್ಲಿ ಮುದ್ದ ಬೋಗುಣಿಯಲ್ಲಿ ಮೂತಿ ಇಟ್ಟಿತ್ತು. ಅತ್ತೆ ಬಂದು ನನ್ನ ಹಣೆಗೆ ವಿಭೂತಿ ಹಚ್ಚಿದರು. ನಾನು ಸೀಬೆ ಮರದ ಬುಡದಲ್ಲಿ ಕೂತು ಅತ್ತುಬಿಟ್ಟೆ. ಹತ್ತು ದಿನದ ಅಳು.

ಅದಾದ ಒಂದು ವಾರಕ್ಕೆ ಗೌಡರು ಬಂದರು. ಕಣ್ಣಿಗೆ ಕಪ್ಪು ಕನ್ನಡಕ. ಅವರ ನಾಯಿಯನ್ನು ನಾನು ಸಾವಿನ ಬಾಗಿಲಿಗೆ ಕೊಂಡೊಯ್ದಿದ್ದೆ. ಏನೆನ್ನುತ್ತಾರೋ, ಮನೆ ಬಿಡಿ ಎನ್ನುತ್ತಾರೋ ಎಂಬ ಹೆದರಿಕೆಯಿಂದ ಹಿತ್ತಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಬಿಸ್ಕತ್ತು ಆರಿಸಿದ್ದು ನಾನೇ ಎಂದೂ ಹೇಳಿದೆ. ಅವರು ಕೈ ತೋರಿಸು ಎಂದು ಮಣಿಕಟ್ಟಿನ ಕಲೆಯನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿದು ನೋಡಿದರು.

"ಅದರ ಬಾಯೊಳಗೆ ಕೈ ಹಾಕ್ಬುಟ್ಯಾ?" ಎಂದರು. "ನಾನು ಅದರ ತಲೆ ಮೇಲೂ ಕೈ ಇಟ್ಟಿಲ್ಲ ಕಣಮ್ಮ."

ನನಗೆ ಅರ್ಥವಾಗಲಿಲ್ಲ. ಕಾಕನಕೋಟೆ ಕಾಡಿನಲ್ಲಿ ಒಂಟಿಸಲಗದ ಎದುರು ನಿಂತು ಬಂದವರೆಂದು ಬೀದಿಯೆಲ್ಲ ಮಾತಾಡುವ ಮನುಷ್ಯ. ಅವರು ತಗಡಿನ ಮಾಡಿನ ಕಡೆ ನೋಡದೆ ಹೇಳಿದರು. ಮುದ್ದ ಅವರ ಹೆಂಡತಿಯ ನಾಯಿ. ಅಂಗೈಯಷ್ಟಿದ್ದ ಮರಿಯನ್ನು ಆಕೆ ತಂದು ಸಾಕಿ ಹೆಸರಿಟ್ಟದ್ದು. ಕಾಯಿಲೆ ಬಿದ್ದ ಮೇಲೆ ಆಕೆಯ ಮಂಚದ ಕೆಳಗೇ ಇರುತ್ತಿತ್ತು. ಆಕೆಯನ್ನು ಹೊರಗೆ ಎತ್ತುವ ದಿನ ಗೌಡರು ಅದನ್ನು ಎಳೆಯಲು ಹೋದರಂತೆ. ಅದು ಅವರ ಮುಖಕ್ಕೆ ಹಾರಿತಂತೆ. ಅಂದಿನಿಂದ ಮೂರು ವರ್ಷ, ಹಿತ್ತಲ ಬಾಗಿಲು ಅರ್ಧ ತೆರೆದು ಅಲ್ಲಿಂದಲೇ ಊಟ ಎಸೆದಿದ್ದಾರೆ.

"ಯಾರಿಗಾದ್ರೂ ಕೊಟ್ಬುಡೋಣ ಅಂದ್ಕೊಂಡೆ. ಅವಳ ಹೆಸರು ಹೇಳಿದ್ರೆ ಇವತ್ತೂ ಕಿವಿ ನಿಮಿರ್ಸತ್ತೆ. ಹೆಂಗ್ ಕೊಡ್ಲಿ?" ಎಂದರು.

ಆಮೇಲೆ ಅವರು ಅಂಗೈ ಚಾಚಿ, ಹೇಗೆ ಕೊಡೋದು ತೋರಿಸು ಎಂದರು. ನಾನು ಆ ಅಂಗೈ ಮೇಲೆ ಒಂದು ಬಿಸ್ಕತ್ತು ಇಟ್ಟೆ. ಬೆರಳು ಮಡಿಸಬೇಡಿ, ಅಗಲವಾಗಿ ಹಿಡಿಯಿರಿ ಎಂದೆ. ಸೀಬೆ ಮರದ ಕಡೆ ನಡೆದೆವು. ಇನ್ನೆರಡು ಹೆಜ್ಜೆ ಇರುವಾಗ ಗೌಡರು ಕೈ ಹಿಂದಕ್ಕೆ ಎಳೆದುಕೊಂಡರು. ನಾನು ಕೆಳಗಿನಿಂದ ಅವರ ಮಣಿಕಟ್ಟು ಹಿಡಿದುಕೊಂಡೆ.

ಮುದ್ದ ಎದ್ದು ಬಂತು. ಬಿಸ್ಕತ್ತನ್ನು ಮೂಸಿತು, ಅಂಗೈಯನ್ನು ಮೂಸಿತು, ಬಹಳ ಹೊತ್ತು ಮೂಸಿತು. ಆಮೇಲೆ ತುಟಿಯಿಂದಷ್ಟೇ ಬಿಸ್ಕತ್ತನ್ನು ಎತ್ತಿಕೊಂಡಿತು.

ಗೌಡರು ಖಾಲಿ ಅಂಗೈಯನ್ನು ಹಾಗೇ ಚಾಚಿಕೊಂಡು ನಿಂತಿದ್ದರು.

"ಮೂಗು ಎಷ್ಟು ತಣ್ಣಗಿದೆ ಕಣಮ್ಮ" ಎಂದರು.